ಆಟದ ವಿಡಿಯೋ ರೆಂಡರ್ ಆಗುವಾಗ ಕಂಪ್ಯೂಟರ್ ಆಫ್ ಆಗುತ್ತಿದೆ: 3060 ಕಾರ್ಡಿಗೆ ಯಾವ ಎಸ್‌ಎಂಪಿಎಸ್ ಹಾಕಲಿ?

ಶಿರಸಿಯ ವಿಡಿಯೋದವ:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಹಳ್ಳಿಯವನು. ಅಡಿಕೆ ತೋಟದ ಕೆಲಸದ ಜೊತೆಗೆ ಆಟದ ವಿಡಿಯೋ ಮಾಡುತ್ತೇನೆ. ಆಟ ಅಂದರೆ ನಮ್ಮ ಕಡೆ ಯಕ್ಷಗಾನ, ಬಡಗುತಿಟ್ಟು. ಮೂರು ಕ್ಯಾಮೆರಾ ಇಟ್ಟು ತೆಗೆಯುತ್ತೇನೆ. ಕಾಲಮಿತಿಯ ಆಟವಾದರೂ ಮೂರೂವರೆ ತಾಸು ಆಗೇ ಆಗುತ್ತದೆ. ರಾತ್ರಿ ದೀಪದಲ್ಲಿ ತೆಗೆದದ್ದು, ವೇಷದ ಹಿಂದಿನ ಕತ್ತಲೆಯಲ್ಲೆಲ್ಲ ಕಾಳು ಕಾಳು ಬರುತ್ತದೆ. ಅದನ್ನು ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ನಾಯ್ಸ್ ರಿಡಕ್ಷನ್ ಹಾಕಿ ತೆಗೆಯಬೇಕು. ಆ ಕೆಲಸದ ಹೊರೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಬೀಳುತ್ತದೆ.

ನನ್ನ ಹತ್ತಿರ ಇದ್ದದ್ದು ಜಿಟಿಎಕ್ಸ್ 1650, 4 ಜಿಬಿಯದು. ನಾಯ್ಸ್ ರಿಡಕ್ಷನ್ ಹಾಕಿದ ಕೂಡಲೇ ಜಿಪಿಯು ಮೆಮೊರಿ ತುಂಬಿತು ಅಂತ ನಿಂತುಬಿಡುತ್ತದೆ. ಗೆಳೆಯನೊಬ್ಬ ತನ್ನ ಆರ್‌ಟಿಎಕ್ಸ್ 3060, 12 ಜಿಬಿಯದು, ಮಾರುತ್ತಿದ್ದಾನೆ. ಒಂದು ವಾರ ಹಾಕಿ ನೋಡು, ಸರಿ ಬಂದರೆ ದುಡ್ಡು ಕೊಡು ಅಂದ. ಅದಕ್ಕೆ 8 ಪಿನ್ನಿನ ಕರೆಂಟಿನ ಕೊಂಡಿ ಬೇಕು. ನನ್ನ ಎಸ್‌ಎಂಪಿಎಸ್‌ನಲ್ಲಿ, ಅಂದರೆ ಮಷಿನ್ನಿನ ಭಾಗಗಳಿಗೆ ಕರೆಂಟು ಹಂಚುವ ಡಬ್ಬದಲ್ಲಿ, ಅದಿಲ್ಲ. ಅಂಗಡಿಯಲ್ಲಿ ಮೋಲೆಕ್ಸ್ ಅನ್ನುವ ಹಳೇ 4 ಪಿನ್ನಿನ ಕೊಂಡಿಯಿಂದ 8 ಪಿನ್ ಮಾಡುವ ಅಡಾಪ್ಟರ್ ಕೊಟ್ಟರು, ಹಾಕಿದೆ.

ಸಾದಾ ಎಡಿಟಿಂಗ್‌ಗೆ ಏನೂ ಆಗಲಿಲ್ಲ. ನಾಯ್ಸ್ ರಿಡಕ್ಷನ್ ಹಾಕಿ ರೆಂಡರ್‌ಗೆ, ಅಂದರೆ ಕೊನೆಯ ವಿಡಿಯೋ ತಯಾರಾಗಲು, ಬಿಟ್ಟೆ. ನೂರಕ್ಕೆ ಹನ್ನೊಂದು ಆಗುವಷ್ಟರಲ್ಲಿ ಪರದೆ ಕಪ್ಪಾಗಿ ಮಷಿನ್ ತಾನೇ ಮತ್ತೆ ಶುರುವಾಯಿತು. ಎರಡನೇ ಸಲವೂ ಹಾಗೇ. ಮೂರನೇ ಸಲ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ತೆಗೆದು ನೋಡಿದರೆ ಅಡಾಪ್ಟರಿನ ಬಿಳಿ ಕೊಂಡಿ ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದೆ. ಹೆದರಿಕೆಯಾಗಿ 3060 ತೆಗೆದಿಟ್ಟಿದ್ದೇನೆ. ಅದು ಇನ್ನೂ ನನ್ನ ಕಾರ್ಡಲ್ಲ, ಗೆಳೆಯನದು.

ಮಷಿನ್ 2020ರಲ್ಲಿ ಅಸೆಂಬಲ್ ಮಾಡಿಸಿದ್ದು. ಐ5-10400, ಎಚ್410 ಬೋರ್ಡು, 32 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಎರಡು ದೊಡ್ಡ ಹಾರ್ಡ್ ಡಿಸ್ಕು. ಎಸ್‌ಎಂಪಿಎಸ್ ಕ್ಯಾಬಿನೆಟ್ಟಿನ ಜೊತೆಗೇ ಬಂದದ್ದು, ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿದೆ. ಪಕ್ಕದ ಚೀಟಿಯಲ್ಲಿ ಇರುವುದನ್ನು ಹಾಗೇ ಬರೆಯುತ್ತೇನೆ: 3.3 ವೋಲ್ಟ್ 14 ಆಂಪಿಯರ್, 5 ವೋಲ್ಟ್ 16 ಆಂಪಿಯರ್, 12 ವೋಲ್ಟ್ 16 ಆಂಪಿಯರ್. ಹಿಂದೆ 115/230 ಅಂತ ಒಂದು ಕೆಂಪು ಸ್ವಿಚ್ಚು ಇದೆ. ಕರೆಂಟು ಎಷ್ಟು ಪೋಲಾಗುತ್ತದೆ ಅಂತ ತಿಳಿಸುವ 80 ಪ್ಲಸ್ ಗುರುತು ಇಲ್ಲ. ಯುಪಿಎಸ್ 600 ವಿಎ.

ಕೇಳಬೇಕಾದ್ದು ಇಷ್ಟು. 3060ಕ್ಕೆ 550 ವ್ಯಾಟಿನ ಎಸ್‌ಎಂಪಿಎಸ್ ಬೇಕು ಅಂತ ಅದರ ಕಂಪನಿ ಎನ್ವಿಡಿಯಾ ಹೇಳುತ್ತದೆ. ನನ್ನದು 450. ಬರೀ ನೂರು ವ್ಯಾಟ್ ಕಡಿಮೆಯಾದದ್ದಕ್ಕೆ ಇಷ್ಟೆಲ್ಲ ಆಗುತ್ತದಾ? ಯುಪಿಎಸ್ 600 ಇರುವುದರಿಂದ 600 ವ್ಯಾಟಿನ ಎಸ್‌ಎಂಪಿಎಸ್ ತಂದರೆ ಎರಡಕ್ಕೂ ಸರಿಹೊಂದುತ್ತದಾ? ಕಾರ್ಡಿನ ದುಡ್ಡು ಬಿಟ್ಟು ಹತ್ತು ಸಾವಿರಕ್ಕಿಂತ ಹೆಚ್ಚು ಹಾಕುವ ಸ್ಥಿತಿಯಲ್ಲಿ ಇಲ್ಲ.

ಇನ್ನೊಂದು, ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಗೊತ್ತಿಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಇಲ್ಲ. ಸಂಜೆ ಹೊತ್ತು ವೋಲ್ಟೇಜು 180ಕ್ಕೆ ಇಳಿಯುವುದೂ ಇದೆ.

ರಾಜಾಜಿನಗರದಿಂದ:

ಮೊದಲು ಆ ಅಡಾಪ್ಟರ್ ಕಸಕ್ಕೆ ಹಾಕಿ. ನೀವು ನಿಲ್ಲಿಸಿದ್ದು ಒಳ್ಳೆಯದಾಯಿತು.

ನನ್ನ ಸಲಹೆ: ಒಂದೇ ಸಲ 850 ವ್ಯಾಟಿನ, 80 ಪ್ಲಸ್ ಗೋಲ್ಡ್ ದರ್ಜೆಯದು ತಗೊಳ್ಳಿ. ನಾನು ಆರ್‌ಟಿಎಕ್ಸ್ 4070 ಹಾಕುವಾಗ ಎಸ್.ಪಿ. ರೋಡಿಗೆ ಹೋಗಿ ಅದನ್ನೇ ತಂದೆ. ಆ ಕಾರ್ಡಿಗೆ 650 ವ್ಯಾಟ್ ಸಾಕು ಅಂತಾರೆ, ಆದರೂ ಮುಂದೆ ದೊಡ್ಡ ಕಾರ್ಡು ಹಾಕಿದರೆ ಮತ್ತೆ ಬದಲಾಯಿಸೋದು ಬೇಡ ಅಂತ. ಕೋರ್ಸೇರ್ ಆರ್‌ಎಂಎಕ್ಸ್, ಸೀಸಾನಿಕ್ ಫೋಕಸ್ ಜಿಎಕ್ಸ್ ತರದವಕ್ಕೆ 10 ವರ್ಷದ ವಾರಂಟಿ ಇದೆ. ಬೋರ್ಡು, ಪ್ರೊಸೆಸರ್ ಎರಡು ಸಲ ಬದಲಾದರೂ ಎಸ್‌ಎಂಪಿಎಸ್ ಅದೇ ಇರುತ್ತೆ.

ಒಂದು ವಿಷಯ ಮಾತ್ರ ದಯವಿಟ್ಟು ಮರೆಯಬೇಡಿ. ಮಾಡ್ಯುಲರ್, ಅಂದರೆ ಕೇಬಲ್ ಬಿಚ್ಚಿ ಹಾಕೋ ತರದ ಎಸ್‌ಎಂಪಿಎಸ್ ತಂದರೆ ಅದರ ಡಬ್ಬದಲ್ಲಿ ಬಂದ ಕೇಬಲ್ಲೇ ಹಾಕಬೇಕು. ನಾನು ಬದಲಾಯಿಸಿದ ದಿನ ರಾತ್ರಿ ಹನ್ನೊಂದಾಗಿತ್ತು. ಹಾರ್ಡ್ ಡಿಸ್ಕಿಗೆ ಹಳೇ ಎಸ್‌ಎಂಪಿಎಸ್‌ನ ಸಾಟಾ ಕೇಬಲ್ ಆಗಲೇ ಹಾದು ಹೋಗಿತ್ತು. ಅದನ್ನು ಬಿಚ್ಚೋದ್ಯಾಕೆ, ಆ ಕಡೆ ತುದಿ ಹೊಸದಕ್ಕೆ ಚುಚ್ಚಿದರಾಯಿತು ಅಂದುಕೊಂಡೆ. ಸರಿಯಾಗಿ ಕೂತಿತು ಕೂಡ. ಸ್ವಿಚ್ ಹಾಕಿದೆ, ಟಿಕ್ ಅಂತ ಒಂದು ಸದ್ದು, ಎರಡೂ ಡಿಸ್ಕು ಹೋದವು. ಡಿಸ್ಕಿನ ಕಡೆ ಕೊಂಡಿ ಎಲ್ಲರದೂ ಒಂದೇ, ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಸಾಲು ಮಾತ್ರ ಕಂಪನಿ ಕಂಪನಿಗೆ ಬೇರೆ, ಒಂದೇ ಕಂಪನಿಯ ಬೇರೆ ಮಾಡೆಲ್‌ಗೂ ಬೇರೆ ಇರಬಹುದು ಅಂತ ಆಮೇಲೆ ಗೊತ್ತಾಯಿತು. 5 ವೋಲ್ಟ್ ಬರಬೇಕಾದ ಕಡೆ 12 ಬಂದಿತ್ತು. ಮಗಳ ಮೊದಲ ಎರಡು ವರ್ಷದ ಫೋಟೋ ಅದರಲ್ಲಿದ್ದವು. ನಿಮ್ಮ ಡಿಸ್ಕಿನಲ್ಲಿ ಇರೋದು ಯಾರ ಯಾರದೋ ಆಟ, ಮತ್ತೆ ತೆಗೆಯೋಕೆ ಆಗದ್ದು. ಅದಕ್ಕೇ ಇಷ್ಟು ಬರೆದೆ.

ಹುಬ್ಬಳ್ಳಿ ಸರ್ವಿಸ್‌ನವ:

ನಾ ಹುಬ್ಬಳ್ಯಾಗ ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡಾಕತ್ತೇನ್ರಿ. ನೀವು ಚೀಟಿ ಓದಿ ಆಂಪಿಯರ್ ಬರದಿದ್ದು ಭಾಳ ಚಲೋ ಮಾಡಿದ್ರಿ. ಭಾಳ ಮಂದಿ ಬರೇ ವ್ಯಾಟ್ ಬರದು ಕೇಳ್ತಾರ, ಅದರಿಂದ ಏನೂ ತಿಳ್ಯಂಗಿಲ್ಲ.

ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ ಆ ಚೀಟ್ಯಾಗ ಐತಿ. 12 ವೋಲ್ಟನ್ನ 16 ಆಂಪಿಯರ್‌ಲೆ ಗುಣಿಸ್ರಿ. 192 ವ್ಯಾಟ್. ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು, ಡಿಸ್ಕಿನ ಮೋಟಾರು, ಫ್ಯಾನು ಎಲ್ಲಾ ಉಣ್ಣೂದು ಈ 12 ವೋಲ್ಟಿನ ತಾಟಿನ್ಯಾಗ. ಇನ್ನ 3.3ರದ್ದು 46 ವ್ಯಾಟ್, 5ರದ್ದು 80 ವ್ಯಾಟ್. ಮೂರೂ ಕೂಡಿಸ್ರಿ, 318 ಆಗ್ತೈತಿ. ಉಳಿದ ಸಣ್ಣ ಪುಟ್ಟ ಸಾಲು ಸೇರಿಸಿದ್ರೂ 450 ಬರಂಗಿಲ್ಲ. ಅಂದ್ರ ಅವರ ಚೀಟಿನ ಅವರ ಹೆಸರನ್ನ ಸುಳ್ಳು ಮಾಡತೈತಿ. ನಿಮಗ ನೂರು ವ್ಯಾಟ್ ಕಮ್ಮಿ ಬಿದ್ದಿಲ್ರಿ, ಅರ್ಧಕ್ಕಿಂತ ಜಾಸ್ತಿ ಕಮ್ಮಿ ಬಿದ್ದೈತಿ. ಚಲೋ 550ರ ಚೀಟಿ ನೋಡ್ರಿ, 12 ವೋಲ್ಟಿನ ಮುಂದ 45 ಆಂಪಿಯರ್ ಆಸುಪಾಸು ಇರತೈತಿ, ಅಂದ್ರ 540 ವ್ಯಾಟ್ ಅಲ್ಲೇ ಸಿಗತೈತಿ. ಅಂಗಡ್ಯಾಗ ಡಬ್ಬಿ ಕೈಗೆ ಕೊಟ್ಟ ಕೂಡ್ಲೆ ಈ ಒಂದು ಸಾಲು ಹುಡುಕ್ರಿ, ಉಳಿದದ್ದು ಆಮ್ಯಾಲೆ.

ಈಗ ನಿಮ್ಮ ಮಷಿನ್ನಿಗೆ ಎಷ್ಟು ಬೇಕು. 3060ಕ್ಕ 170 ವ್ಯಾಟ್. ಐ5-10400 ಮ್ಯಾಲೆ 65 ಅಂತ ಬರದಿರತೈತಿ, ಆದ್ರ ಖರೇ ದುಡಿಮಿಗೆ ಇಳದಾಗ ಇಂಟೆಲ್ ಅದಕ್ಕ 134ರ ತನಕ ಬಿಡತೈತಿ. ಇವೆರಡರದ್ದ 304. ಬೋರ್ಡು, ರ‍್ಯಾಮ್, ಡಿಸ್ಕು, ಫ್ಯಾನಿಗೆ ಅಂತ 50 ಇಟಗೋರಿ. 354. ಇದು ಎಲ್ಲಾ ಒಟ್ಟಿಗೆ ಜೋರು ಮಾಡಿದಾಗಿನ ಲೆಕ್ಕ. ಮ್ಯಾಲೆ ಇನ್ನೊಂದು ಐತಿ: ಕಾರ್ಡು 170 ಅನ್ನೂದು ಸರಾಸರಿ. ಕಣ್ಣು ಪಿಳುಕಿಸೂದಕ್ಕಿಂತ ಕಮ್ಮಿ ಹೊತ್ತಿನ್ಯಾಗ ಅದು ಅದಕ್ಕಿಂತ ಭಾಳ ಮ್ಯಾಲೆ ಜಿಗದು ಬರತೈತಿ. ನಾಯ್ಸ್ ರಿಡಕ್ಷನ್ ಅಂಥಾ ಕೆಲಸದಾಗ ಕಾರ್ಡು ಕುಂತು ಎದ್ದು ಮಾಡತೈತಿ, ಅದಕ್ಕ ನಿಮ್ಮ ಮಷಿನ್ ಎಡಿಟಿಂಗ್‌ನಾಗ ತಡೀತು, ರೆಂಡರ್‌ನಾಗ ಬಿತ್ತು. 2022ರಾಗ ಎಸ್‌ಎಂಪಿಎಸ್‌ಗೆ ಅಂತ ಬಂದ ಎಟಿಎಕ್ಸ್ 3.0 ನಿಯಮದಾಗ ಈ ಜಿಗತಕ್ಕಂತನ ಲೆಕ್ಕ ಇಟ್ಟಾರ. ಆ ನಿಯಮದ್ದು ಸಿಕ್ರ ಚಲೋ, ಸಿಗಲಿಲ್ಲಂದ್ರ 3060ಕ್ಕ ಅದು ಇರಲೇಬೇಕು ಅಂತೇನಿಲ್ಲ.

ಅಡಾಪ್ಟರ್ ಯಾಕ ಸುಡ್ತು ಕೇಳ್ರಿ. 8 ಪಿನ್ನಿನ ಕೊಂಡ್ಯಾಗ 12 ವೋಲ್ಟ್ ಹೊರಾಕ ಮೂರು ವೈರ್ ಇರತಾವ, 150 ವ್ಯಾಟ್ ಅದರ ಮಿತಿ. ಮೋಲೆಕ್ಸ್‌ನ್ಯಾಗ ಹಳದಿ ವೈರ್ ಒಂದ. ಮೂರು ಮಂದಿ ಹೊರೂ ಗೋಣಿ ಒಬ್ಬನ ಬೆನ್ನ ಮ್ಯಾಲೆ ಹಾಕಿದಂಗ ಆತು. ಗೆಳ್ಯಾನ ಕಾರ್ಡಿನ ಕೊಂಡಿ ಒಳಗ ಬ್ಯಾಟ್ರಿ ಹಿಡದು ನೋಡ್ರಿ, ಪಿನ್ನು ಕರ್ರಗ ಆಗಿರಲಿಲ್ಲಂದ್ರ ಕಾರ್ಡಿಗೆ ಹೆಚ್ಚಾಗಿ ಏನೂ ಆಗಿರಂಗಿಲ್ಲ.

850 ತಗೋ ಅಂದವ್ರ ಮಾತು ತಪ್ಪಲ್ರಿ, ಕೇಬಲ್ಲಿನ ಮಾತಂತೂ ಬಂಗಾರದಂಥಾದ್ದು. ಆದ್ರ ನಿಮ್ಮ ಹತ್ತು ಸಾವಿರ ಪೂರ್ತಿ ಅಲ್ಲೇ ಸುರದ್ರ ಉಳಿದದ್ದಕ್ಕ ಏನು ಮಾಡ್ತೀರಿ? 850 ತಂದ್ರ ಅದು 850 ಎಳ್ಯಂಗಿಲ್ಲ, 550 ತಂದ್ರೂ ಅಷ್ಟ. ಮಷಿನ್ ಕೇಳಿದಷ್ಟ ಕೊಡತೈತಿ. ಗೋಲ್ಡ್ ಬ್ರಾಂಝ್ ಲೆಕ್ಕಾನೂ ಹಿಂಗ ಮಾಡ್ರಿ. 80 ಪ್ಲಸ್ ಅನ್ನೂದು 2004ರಾಗ ಶುರುವಾದ ಗುರುತು, ಗ್ವಾಡಿಯಿಂದ ತಗೊಂಡ ಕರೆಂಟಿನ್ಯಾಗ ಎಷ್ಟು ಪಾಲು ಮಷಿನ್ನಿಗೆ ಮುಟ್ಟತೈತಿ ಅಂತ ಹೇಳತೈತಿ, ಅಷ್ಟ. 115 ವೋಲ್ಟಿನ ಪರೀಕ್ಷಾದಾಗ ಅರ್ಧ ಭಾರಕ್ಕ ಬ್ರಾಂಝ್‌ದ್ದು 85, ಗೋಲ್ಡ್‌ದ್ದು 90. 350 ವ್ಯಾಟ್ ಬೇಕಾದ್ರ ಬ್ರಾಂಝ್ 412 ಎಳಿತೈತಿ, ಗೋಲ್ಡ್ 389. ದಿನಾ ನಾಕು ತಾಸು ರೆಂಡರ್ ಹಾಕಿದ್ರೂ ವರ್ಷಕ್ಕ 33-34 ಯೂನಿಟ್ ಉಳೀತೈತಿ. ಅದಕ್ಕಂತ ಸಾಲ ಮಾಡಬ್ಯಾಡ್ರಿ. ಶಾರ್ಟ್ ಆದ್ರ, ವೋಲ್ಟೇಜ್ ಏರಿದ್ರ, ಬಿಸಿ ಜಾಸ್ತಿ ಆದ್ರ ತಾನ ನಿಲ್ಲೂ ರಕ್ಷಣೆ ಐತೇನು, ಅದನ್ನ ನೋಡ್ರಿ. 80 ಪ್ಲಸ್ ಗುರುತು ಅದನ್ನ ಹೇಳಂಗಿಲ್ಲ. ಕೋರ್ಸೇರ್‌ನ ಸಿಎಕ್ಸ್ ಅಂಥಾವಕ್ಕ 5 ವರ್ಷ ವಾರಂಟಿ ಐತಿ, ನಿಮಗ ಆ ದರ್ಜೇದು 550 ಸಾಕು. ಸೈಬೆನೆಟಿಕ್ಸ್ ಅನ್ನೋ ಪ್ರಯೋಗಾಲಯದವ್ರು ಒಂದೊಂದು ಮಾಡೆಲ್ ಪರೀಕ್ಷಾ ಮಾಡಿ ವರದಿ ಹಾಕ್ತಾರ, ತಗೊಳ್ಳೂಕ ಮೊದ್ಲ ಆ ಹೆಸರು ಅಲ್ಲಿ ಹುಡುಕ್ರಿ.

ವೋಲ್ಟೇಜು 180ಕ್ಕ ಇಳಿಯೂದರ ಚಿಂತಿ ಬಿಡ್ರಿ. ಹೊಸದರ ಚೀಟಿ ಮ್ಯಾಲೆ 100-240 ಅಂತ ಇರೂದನ್ನ ತಗೋರಿ, ಅದು ತಾನ ಸಂಭಾಳಸ್ತೈತಿ. ಕೆಂಪು ಸ್ವಿಚ್ ಇರೂದಿಲ್ಲ. ನಿಮ್ಮದರಾಗಿನ ಆ ಸ್ವಿಚ್ಚನ್ನ ಹುಡುಗರು ಯಾರರೆ 115ಕ್ಕ ತಳ್ಳಿದ್ರ ಢಂ ಅಂತಿತ್ತು.

ಯುಪಿಎಸ್‌ದ ಮಾತಿಗೆ ಬರ್ತೀನಿ, ಇಲ್ಲೆ ನೀವು ತಪ್ಪೀರಿ. ನಿಮ್ಮಂಗ ಕೇಳೂವ್ರು ವಾರಕ್ಕೊಬ್ಬರು ಅಂಗಡಿಗೆ ಬರತಾರ. 600 ವಿಎ ಅಂದ್ರ 600 ವ್ಯಾಟ್ ಅಲ್ರಿ. ಹಿಂದ ಸಣ್ಣ ಅಕ್ಷರದಾಗ 360 ವ್ಯಾಟ್ ಅಂತ ಇರತೈತಿ, ನೋಡ್ರಿ. ಮಷಿನ್ 354 ಕೇಳಿದ್ರ ಗ್ವಾಡಿ ಕಡೆಯಿಂದ 416 ಹೋಗತೈತಿ, ಮಾನಿಟರ್‌ದ್ದು 25 ಹಿಡೀರಿ, 440. ಅಂದ್ರ ನೀವು ಎಂಥಾ ಚಲೋ ಎಸ್‌ಎಂಪಿಎಸ್ ತಂದ್ರೂ, ರೆಂಡರ್ ನಡದಾಗ ಕರೆಂಟ್ ಹೋತಂದ್ರ ಆ ಯುಪಿಎಸ್ ಒಂದು ಸಲ ಚೀರಿ ಕೈ ಬಿಡತೈತಿ. ಆಮ್ಯಾಲೆ ನೀವು ಹೊಸ ಎಸ್‌ಎಂಪಿಎಸ್ ಕೆಟ್ಟೈತಿ ಅಂತ ಬರ್ತೀರಿ. ಸಾವಿರದ ನೂರು ವಿಎ, 660 ವ್ಯಾಟಿಂದು ಬೇಕ್ರಿ ನಿಮಗ. ಮನಿ ಇನ್ವರ್ಟರ್ ಐತಿ ಅಂತ ಅದರ ಮ್ಯಾಲೆ ಭರೋಸಾ ಇಡಬ್ಯಾಡ್ರಿ. ಕರೆಂಟ್ ಹೋದ ಮ್ಯಾಲೆ ಎಸ್‌ಎಂಪಿಎಸ್ ತನ್ನ ಹೊಟ್ಟ್ಯಾಗಿನ ಕೆಪಾಸಿಟರ್‌ಲೆ ತಡಿಯೂದು ಹದಿನೇಳು ಮಿಲಿಸೆಕೆಂಡ್ ಅಷ್ಟ, ಅಂದ್ರ ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತೂ ಪೂರಾ ಆಗಂಗಿಲ್ಲ. ಅಷ್ಟರಾಗ ಇನ್ವರ್ಟರ್ ಬದಲಿ ಆಗಲಿಲ್ಲಂದ್ರ ಮಷಿನ್ ಬಿತ್ತು.

ಕಡೀದು ಜುಮ್ ಅನ್ನೂದು. ಇದನ್ನ ನೀವು ಕಡೀಕ ಬರದೀರಿ, ನಾ ಆಗಿದ್ರ ಮೊದ್ಲ ಬರೀತಿದ್ದೆ. ನಿಮ್ಮ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಬಾಗಲದಾಗ ಕರೆಂಟಿನ್ಯಾಗಿನ ಗದ್ದಲ ಸೋಸಾಕ ಅಂತ ಎರಡು ಸಣ್ಣ ಕೆಪಾಸಿಟರ್ ಇರತಾವ. ಒಂದು ಫೇಸಿಂದ ಕ್ಯಾಬಿನೆಟ್ಟಿಗೆ, ಒಂದು ನ್ಯೂಟ್ರಲ್‌ದಿಂದ ಕ್ಯಾಬಿನೆಟ್ಟಿಗೆ. ಅರ್ಥ್ ಇದ್ರ ಅಲ್ಲಿ ಬಂದದ್ದು ನೆಲಕ್ಕ ಇಳೀತೈತಿ. ಇಲ್ಲಂದ್ರ ಇಡೀ ತಗಡು 230ರ ಅರ್ಧಕ್ಕ, 115 ವೋಲ್ಟ್ ಆಸುಪಾಸಿಗೆ ತೇಲತೈತಿ. ಕರೆಂಟ್ ಭಾಳ ಸಣ್ಣದು, ಅದಕ್ಕ ಬರೇ ಜುಮ್ ಅಂತೈತಿ. ಆದ್ರ ಅದು ಚಲೋ ಎಸ್‌ಎಂಪಿಎಸ್‌ದಾಗೂ ಆಗತೈತಿ, ಬದಲಿ ಮಾಡಿದ್ರ ಹೋಗಂಗಿಲ್ಲ. ಖರೇ ಅಪಾಯ ಬ್ಯಾರೆ: ಒಳಗ ಒಂದು ದಿನ ಫೇಸ್ ವೈರ್ ತಗಡಿಗೆ ತಾಗಿದ್ರ ನಿಮ್ಮ ಮೈನ ಅರ್ಥ್ ಆಗತೈತಿ. ಎಲೆಕ್ಟ್ರಿಷನ್ ಕರೀರಿ, ಪ್ಲಗ್ಗಿನ್ಯಾಗ ಮೂರೂ ಜೋಡಿ ಮೀಟರ್ ಹಿಡಸ್ರಿ. ಫೇಸ್-ನ್ಯೂಟ್ರಲ್ ಎಷ್ಟೋ ಫೇಸ್-ಅರ್ಥ್ ಹೆಚ್ಚು ಕಮ್ಮಿ ಅಷ್ಟ ಬರಬೇಕು. ನ್ಯೂಟ್ರಲ್-ಅರ್ಥ್ ಒಂದೆರಡು ವೋಲ್ಟಿಗಿಂತ ಜಾಸ್ತಿ ಇರಬಾರದು.

ಅದಕ್ಕ ನನ್ನ ಮಾತು: ಮೊದ್ಲ ಅರ್ಥ್, ಆಮ್ಯಾಲೆ ಎಸ್‌ಎಂಪಿಎಸ್, ಅದರ ಜೋಡೀನ ಯುಪಿಎಸ್. 850 ಬ್ಯಾಡ.

ರಾಜಾಜಿನಗರದಿಂದ:

ಯುಪಿಎಸ್ ಲೆಕ್ಕ ನಾನು ಯೋಚಿಸಿರಲೇ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಇದೆ ಅಂತ ಅದರ ಕಡೆ ಗಮನವೇ ಹೋಗಿರಲಿಲ್ಲ. 550ಕ್ಕೆ ನನ್ನದೂ ಒಪ್ಪಿಗೆ.

ತೀರ್ಥಹಳ್ಳಿಯಿಂದ:

ಮಧ್ಯೆ ಬಂದೆ, ಕ್ಷಮಿಸಿ. ನನ್ನ ಹತ್ತಿರ ಇರೋದು ಆಫೀಸಿನಿಂದ ಹರಾಜಿಗೆ ಬಂದ ಹಳೇ ಡೆಲ್ ಆಪ್ಟಿಪ್ಲೆಕ್ಸ್ ಟವರ್. ಅದಕ್ಕೂ ಇದೇ 550 ಹಾಕಿ ಒಂದು ಸಣ್ಣ ಕಾರ್ಡು ಹಾಕಬಹುದಾ? ಮಗನ ಓದಿಗೆ, ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಕಲಿಯುತ್ತಿದ್ದಾನೆ.

ಹುಬ್ಬಳ್ಳಿ ಸರ್ವಿಸ್‌ನವ:

ಮೊದ್ಲ ಕ್ಯಾಬಿನೆಟ್ ತಗದು ಬೋರ್ಡ್ ನೋಡ್ರಿ. ಅಂಥಾ ಭಾಳ ಮಾಡೆಲ್‌ನ್ಯಾಗ ಎಲ್ಲಾರದ್ದೂ ಇರೂ 24 ಪಿನ್ನಿನ ಕೊಂಡಿ ಇರಂಗಿಲ್ಲ, ಅವರದ ಬ್ಯಾರೆ ಸಣ್ಣ ಕೊಂಡಿ ಇರತೈತಿ. ಬಜಾರದ ಎಸ್‌ಎಂಪಿಎಸ್ ಸೀದಾ ಕೂಡಂಗಿಲ್ಲ, ಡಬ್ಬಿ ಅಳತೀನೂ ಬ್ಯಾರೆ ಇರಬಹುದು. ನಿಮಗ ಸರಳ ದಾರಿ ಅಂದ್ರ 75 ವ್ಯಾಟಿನ ಒಳಗಿನ, ಮ್ಯಾಲೆ ಕರೆಂಟಿನ ಕೊಂಡಿ ಇಲ್ಲದ ಕಾರ್ಡು. 1050 ಟಿಐ, 1650 ಅಂಥಾವು ಅಂಥಾ ರೂಪದಾಗ ಸಿಗತಾವ, ಸ್ಲಾಟಿನಿಂದನ ಅಷ್ಟೂ ತಗೋತಾವ. ಎಸ್‌ಎಂಪಿಎಸ್‌ದ ಚೀಟಿ ಓದಿ 12 ವೋಲ್ಟಿನ ಸಾಲು ಇಲ್ಲಿ ಬರೀರಿ, ಆಮ್ಯಾಲೆ ಹೇಳ್ತೀನಿ. ಶಿರಸಿಯವ್ರ 1650 ಖಾಲಿ ಬೀಳತೈತಲ್ರಿ, ಕೇಳಿ ನೋಡ್ರಿ.

ಶಿರಸಿಯ ವಿಡಿಯೋದವ:

ಹದಿನೆಂಟು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲ ಮುಗಿಸಿಯೇ ಬರೆಯೋಣ ಅಂತ ಕಾದೆ.

ಮೀಟರ್ ಹಿಡಿಸಿದೆ. ಫೇಸ್-ನ್ಯೂಟ್ರಲ್ 226 ಇತ್ತು, ಫೇಸ್-ಅರ್ಥ್ 70ರ ಸುತ್ತ ಅಲ್ಲಾಡುತ್ತಿತ್ತು. ಪ್ಲಗ್ಗಿನ ತಟ್ಟೆ ಬಿಚ್ಚಿದರೆ ಅರ್ಥಿನ ವೈರು ಜೋಡಿಸಿಯೇ ಇಲ್ಲ, ಮಡಚಿ ಗೋಡೆಯೊಳಗೆ ತುರುಕಿಟ್ಟಿದ್ದಾರೆ. ಅಪ್ಪ ಮನೆ ಕಟ್ಟಿಸಿದಾಗಿನಿಂದ ಹಾಗೇ ಇದ್ದಿರಬೇಕು. ಅಡುಗೆಮನೆಯ ಪ್ಲಗ್ಗೂ ಹಾಗೇ ಇತ್ತು, ಅಮ್ಮ ದಿನಾ ಮಿಕ್ಸಿ ಹಾಕುವ ಜಾಗ. ಅದನ್ನು ನೋಡಿದ ಮೇಲೆ ಕಂಪ್ಯೂಟರ್ ವಿಷಯ ಒಂದು ದಿನ ಮರೆತೇಹೋಯಿತು. ಎಲ್ಲ ಪ್ಲಗ್ಗಿಗೂ ವೈರು ಎಳೆಸಿದೆ. ಅರ್ಥಿಂಗಿನ ಹಳೇ ಗುಂಡಿ ಚಿರೇಕಲ್ಲಿನ ನೆಲದಲ್ಲಿ ಒಣಗಿ ನಿಂತಿತ್ತು, ಬಚ್ಚಲ ಹಿಂದೆ ಸದಾ ಹಸಿಯಿರುವ ಕಡೆ ಹೊಸದು ತೋಡಿಸಿ ಇದ್ದಿಲು ಉಪ್ಪು ಹಾಕಿಸಿದೆವು. ಈಗ ನ್ಯೂಟ್ರಲ್-ಅರ್ಥ್ ಒಂದೂವರೆ ವೋಲ್ಟು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದೆ, ಏನೂ ಇಲ್ಲ.

550 ವ್ಯಾಟಿನ ಬ್ರಾಂಝ್ ತಂದೆ, ಐದು ವರ್ಷದ ವಾರಂಟಿಯದು. ಅಂಗಡಿಯವರು ಮೊದಲು ಇನ್ನೊಂದು 600ರದ್ದನ್ನು ಕಡಿಮೆ ಬೆಲೆಗೆ ತೋರಿಸಿದರು. ಡಬ್ಬ ತಿರುಗಿಸಿ 12 ವೋಲ್ಟಿನ ಸಾಲು ನೋಡಿದೆ, 25 ಆಂಪಿಯರ್. ಅದನ್ನು ಅಲ್ಲೇ ಇಟ್ಟೆ. ಯುಪಿಎಸ್ 1100 ವಿಎಯದು, ಹಳೆಯದನ್ನು ಬದಲಿಗೆ ಕೊಟ್ಟೆ. ಅರ್ಥಿಂಗಿನ ಖರ್ಚು ಸೇರಿ ಹತ್ತು ಸಾವಿರ ದಾಟಿತು, ಅದಕ್ಕೆ ಬೇಜಾರಿಲ್ಲ. ಹಳೇ ಕೇಬಲ್ ಒಂದೂ ಒಳಗೆ ಉಳಿಸಲಿಲ್ಲ, ಎರಡು ಸಲ ನೋಡಿದೆ. ಆ ಫೋಟೋಗಳ ವಿಷಯ ಓದಿದ ಮೇಲೆ ಕೈ ಹಾಗೇ ನಿಧಾನವಾಗುತ್ತದೆ.

ಗೋಡೆಯ ಪ್ಲಗ್ಗಿಗೆ ವ್ಯಾಟ್ ಮೀಟರ್ ಹಾಕಿ ರೆಂಡರ್ ಬಿಟ್ಟೆ. ನಾಯ್ಸ್ ರಿಡಕ್ಷನ್ ನಡೆಯುವಾಗ 310ರ ಆಸುಪಾಸು. ಪ್ರೊಸೆಸರೂ ಜೊತೆಗೆ ಜೋರಾದಾಗ ಒಂದು ಸಲ 395 ಕಂಡೆ. ಹಳೇ ಯುಪಿಎಸ್‌ನ 360 ಆ ಹೊತ್ತಿಗೆ ಸಾಲುತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ ಗುಡುಗು ಬಂದು ಕರೆಂಟು ಹೋಯಿತು, ಯುಪಿಎಸ್ ಕೂಗಲು ಶುರುಮಾಡಿತು, ನಾನು ಓಡಿ ಬಂದೆ. ರೆಂಡರ್ ನಿಂತಿರಲಿಲ್ಲ. ಸೇವ್ ಮಾಡಿ ನಿಲ್ಲಿಸಿ, ಪ್ಲಗ್ಗೂ ಇಂಟರ್ನೆಟ್ಟಿನ ಕೇಬಲ್ಲೂ ಎರಡನ್ನೂ ಕಿತ್ತಿಟ್ಟೆ. ಬೆಳಿಗ್ಗೆ ಮತ್ತೆ ಬಿಟ್ಟೆ, ಮಧ್ಯಾಹ್ನ ಊಟದ ಹೊತ್ತಿಗೆ ಮೂರೂವರೆ ತಾಸಿನ ಆಟ ಪೂರ್ತಿ ಆಗಿತ್ತು. ಕಿರೀಟದ ಹಿಂದಿನ ಕತ್ತಲೆ ಈಗ ಕತ್ತಲೆಯಾಗಿಯೇ ಇದೆ.

ಗೆಳೆಯನಿಗೆ ದುಡ್ಡು ಕೊಟ್ಟೆ. 1650 ತೀರ್ಥಹಳ್ಳಿಯವರಿಗೆ, ಅವರ ಚೀಟಿ ನೋಡಿ ಹುಬ್ಬಳ್ಳಿಯವರು ಸರಿ ಅಂದರೆ. ಹಳೇ ಎಸ್‌ಎಂಪಿಎಸ್ ಏನು ಮಾಡಲಿ? ತಮ್ಮ ಬಿಚ್ಚಿ ನೋಡುತ್ತೇನೆ ಅನ್ನುತ್ತಿದ್ದಾನೆ.

ಹುಬ್ಬಳ್ಳಿ ಸರ್ವಿಸ್‌ನವ:

ಬಿಚ್ಚಾಕ ಬಿಡಬ್ಯಾಡ್ರಿ. ಒಳಗಿನ ದೊಡ್ಡ ಕೆಪಾಸಿಟರ್‌ನ್ಯಾಗ 325 ವೋಲ್ಟ್ ತನಕ ನಿಂತಿರತೈತಿ, ಪ್ಲಗ್ ತಗದ ಮ್ಯಾಲೂ. ಯಾರಿಗೂ ಪುಕ್ಕಟೆ ಕೊಡಾಕೂ ಹೋಗಬ್ಯಾಡ್ರಿ, ಅವರು 450 ಅಂತ ಓದಿ ಇನ್ನೊಂದು ಕಾರ್ಡು ಹಚ್ಚತಾರ. ಇ-ವೇಸ್ಟ್ ತಗೊಳ್ಳೂವ್ರಿಗೆ ಕೊಡ್ರಿ. ಅಡುಗಿಮನಿ ಪ್ಲಗ್ ಸರಿ ಮಾಡಿಸಿದ್ದು ಕೇಳಿ ಭಾಳ ಸಮಾಧಾನ ಆತು.

ಶಿರಸಿಯ ವಿಡಿಯೋದವ:

24 ಪಿನ್ನಿನ ಕೊಂಡಿ ಕತ್ತರಿಸಿ, ಮೇಲಿನ 450ರ ಮೇಲೆ ಮಾರ್ಕರಿನಲ್ಲಿ 192 ಅಂತ ಬರೆದಿಟ್ಟಿದ್ದೇನೆ. ಮುಂದಿನ ತಿಂಗಳು ಹುಬ್ಬಳ್ಳಿಗೆ ಬರುವುದಿದೆ, ತರುತ್ತೇನೆ.